ಮಗಳ ಬಾಡಿಗೆಗೆ ಜಾಮೀನು ನಿಲ್ಲುವ ಮುಂಚೆ

2021ರ ನವೆಂಬರ್, ರಾತ್ರಿ ಒಂಬತ್ತೂವರೆ. ಡ್ಯೂಟಿ ಮುಗಿಸಿ ಬಂದು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಲೀಡ್ಸ್‌ನಿಂದ ಮಗಳ ಫೋನು. "ಅಮ್ಮ, ಇಮೇಲ್ ನೋಡು. ಏಜೆನ್ಸಿಯಿಂದ ಒಂದು ಲಿಂಕ್ ಬಂದಿರುತ್ತೆ. ಸುಮ್ನೆ ಕ್ಲಿಕ್ ಮಾಡಿ ಸೈನ್ ಮಾಡು. ಉಳಿದ ಐದು ಜನರ ಮನೆಯವರೆಲ್ಲ ಮಾಡಾಯ್ತು, ನೀನೊಬ್ಬಳೇ ಬಾಕಿ. ಇವತ್ತು ಮಾಡದಿದ್ದರೆ ಮನೆ ಬೇರೆಯವರಿಗೆ ಹೋಗುತ್ತಂತೆ."

ಸಾಸಿವೆ ಸೀಯಬಾರದು ಅಂತ ಒಲೆ ಆರಿಸಿದೆ. ಫೋನಿನ ಪರದೆಯ ಮೇಲೆ ಬೆರಳಲ್ಲೇ ಹೆಸರು ಗೀಚಿದೆ. ಹನ್ನೊಂದು ಪುಟ ಇತ್ತು. ಒಂದನ್ನೂ ಓದಲಿಲ್ಲ.

ಹದಿನಾರು ತಿಂಗಳು ಕಳೆದ ಮೇಲೆ, 2023ರ ಮಾರ್ಚ್‌ನಲ್ಲಿ, ಅದೇ ಏಜೆನ್ಸಿಯಿಂದ ಪತ್ರ ಬಂತು. 1,430 ಪೌಂಡ್ ಬಾಕಿ ಇದೆ, ಜಾಮೀನುದಾರರಾಗಿ ನೀವು ಕಟ್ಟಬೇಕು ಅಂತ. ನನ್ನ ಮಗಳು ಒಂದು ಪೆನ್ನಿಯೂ ಬಾಕಿ ಇಟ್ಟಿರಲಿಲ್ಲ. ಬಾಕಿ ಇಟ್ಟವನು ಅವಳ ಜೊತೆ ಅದೇ ಮನೆಯಲ್ಲಿದ್ದ ಇನ್ನೊಬ್ಬ ಹುಡುಗ. ಜನವರಿಯಲ್ಲಿ ಓದು ಬಿಟ್ಟು ಊರಿಗೆ ಹೋಗಿಬಿಟ್ಟಿದ್ದ. ಅವನ ಮನೆಯವರು ಏಜೆನ್ಸಿಯ ಫೋನು ಎತ್ತುತ್ತಿರಲಿಲ್ಲ. ನಾನು ಎತ್ತುತ್ತಿದ್ದೆ.

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದವರು ಬಹಳ ಜನ ಇದ್ದೀರಿ. ಊರಲ್ಲಿ ಕೂತು ಇಲ್ಲಿಗೆ ಮಕ್ಕಳನ್ನು ಕಳಿಸುವವರು ಇನ್ನೂ ಜಾಸ್ತಿ. ಇಬ್ಬರಿಗೂ ಒಂದಲ್ಲ ಒಂದು ದಿನ ಈ ಲಿಂಕ್ ಬರುತ್ತದೆ. ಬೇಡ ಅನ್ನಿ ಅಂತ ನಾನು ಹೇಳುವುದಿಲ್ಲ. ಹದಿನೆಂಟು, ಹತ್ತೊಂಬತ್ತು ವರ್ಷದ ಮಗುವಿಗೆ ಸಂಬಳ ಇಲ್ಲ, ಹಿಂದೆ ಬಾಡಿಗೆ ಕಟ್ಟಿದ ದಾಖಲೆ ಇಲ್ಲ. ಯಾರಾದರೂ ಬೆನ್ನಿಗೆ ನಿಲ್ಲದೆ ಮನೆ ಸಿಗುವುದು ಕಷ್ಟ. ಸಹಿ ಹಾಕಿ. ಆದರೆ ಎಷ್ಟಕ್ಕೆ, ಎಲ್ಲಿಯವರೆಗೆ ಅನ್ನುವುದನ್ನು ಬರೆಸಿಕೊಂಡು ಹಾಕಿ.

ನಮ್ಮೂರಿನ ಜಾಮೀನು, ಇಲ್ಲಿನ ಗ್ಯಾರಂಟರ್

ನಾನು ಅರಸೀಕೆರೆ ಕಡೆಯವಳು. ಅಪ್ಪ ಒಮ್ಮೆ ಪಕ್ಕದ ತೋಟದವರ ಪಂಪ್‌ಸೆಟ್ ಸಾಲಕ್ಕೆ ಸೊಸೈಟಿಯಲ್ಲಿ ಜಾಮೀನು ನಿಂತಿದ್ದರು. ಅವರು ಕಟ್ಟಲಿಲ್ಲ. ನೋಟಿಸು ನಮ್ಮ ಮನೆಗೆ ಬಂತು. ಎರಡು ವರ್ಷದ ಕೊಬ್ಬರಿ ದುಡ್ಡು ಅದಕ್ಕೇ ಹೋಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಅಮ್ಮ ಪಾತ್ರೆ ತೊಳೆಯುತ್ತಾ ಹೇಳುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಅಪ್ಪ ಸಾಲ ಕೊಟ್ಟಿರಲೂ ಇಲ್ಲ, ಬರೀ ಸಹಿ ಹಾಕಿದ್ದರು. ಸಾಲಗಾರನ ಮೇಲೆ ಎಷ್ಟು ಹೊಣೆ ಇದೆಯೋ ಜಾಮೀನುದಾರನ ಮೇಲೂ ಅಷ್ಟೇ ಇದೆ ಅಂತ ನಮ್ಮ 1872ರ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ಬೇರೆ ಥರ ಬರೆದುಕೊಂಡಿದ್ದರೆ ಮಾತ್ರ ಬೇರೆ.

ಇಂಗ್ಲೆಂಡಿನಲ್ಲೂ ಸಾರ ಅದೇ. ಜಾಮೀನು ಬರವಣಿಗೆಯಲ್ಲಿ ಇರಬೇಕು, ಸಹಿ ಆಗಿರಬೇಕು ಅನ್ನುವ ನಿಯಮ ಇಲ್ಲಿ 1677ರಿಂದ ಇದೆ. ಫೋನಿನಲ್ಲಿ "ನಾನಿದ್ದೀನಿ ಬಿಡಿ" ಅಂದರೆ ಅದು ಜಾಮೀನಾಗುವುದಿಲ್ಲ. ಪರದೆಯ ಮೇಲೆ ಬೆರಳಲ್ಲಿ ಗೀಚಿದರೆ ಆಗುತ್ತದೆ.

ಮೊದಲು ಹುಡುಕಬೇಕಾದ ಮೂರು ಪದ

ಕಾಗದ ಬಂದ ತಕ್ಷಣ 'ಜಾಯಿಂಟ್ ಅಂಡ್ ಸೆವರಲ್' ಅನ್ನುವ ಪದಗಳು ಎಲ್ಲಿವೆ ಅಂತ ಹುಡುಕಿ. ಆರು ಜನ ಸೇರಿ ಒಂದೇ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಈ ಪದಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅರ್ಥ ಇಷ್ಟೇ: ಇಡೀ ಮನೆಯ ಬಾಡಿಗೆಗೆ ಆರೂ ಜನ ಹೊಣೆ, ಮತ್ತೆ ಒಬ್ಬೊಬ್ಬರೂ ಪೂರ್ತಿ ಹೊಣೆ. ಮನೆ ಮಾಲೀಕ ಆರು ಜನರ ಹತ್ತಿರವೂ ಕೇಳಬಹುದು, ಒಬ್ಬರ ಹತ್ತಿರವೇ ಎಲ್ಲಾ ಕೇಳಬಹುದು. ನಿಮ್ಮ ಜಾಮೀನಿನಲ್ಲಿ ಮಿತಿ ಬರೆದಿಲ್ಲ ಅಂದರೆ ನಿಮ್ಮ ಮಗುವಿನ ಆ ಪೂರ್ತಿ ಹೊಣೆ ನಿಮ್ಮ ತಲೆಗೂ ಬರುತ್ತದೆ.

ನಮ್ಮ ಲೆಕ್ಕ ಹೇಳುತ್ತೇನೆ. ಲೀಡ್ಸ್‌ನ ಹೈಡ್ ಪಾರ್ಕ್‌ನಲ್ಲಿ ಕೆಂಪು ಇಟ್ಟಿಗೆಯ ಸಾಲುಮನೆ. ತಲೆಗೆ ವಾರಕ್ಕೆ 110 ಪೌಂಡ್, ಆರು ಜನ, 52 ವಾರ. ನನ್ನ ಮಗಳ ಪಾಲು ವರ್ಷಕ್ಕೆ 5,720 ಪೌಂಡ್. ಇಡೀ ಮನೆಯದು 34,320. ಮೊದಲನೆಯ ಅಂಕಿಗೆ ನಿಂತಿದ್ದೇನೆ ಅಂದುಕೊಂಡು ಎರಡನೆಯದಕ್ಕೆ ನಿಂತಿದ್ದೆ.

ಏಜೆನ್ಸಿಯವರು ನಮ್ಮ ಆದಾಯ ನೋಡುವಾಗ ಸಾಮಾನ್ಯವಾಗಿ ತಿಂಗಳ ಬಾಡಿಗೆಯ 36 ಪಟ್ಟು ಇದೆಯಾ ಅಂತ ನೋಡುತ್ತಾರೆ. ಅಂದರೆ ವರ್ಷದ ಬಾಡಿಗೆಯ ಮೂರು ಪಟ್ಟು. ನನ್ನ ಹತ್ತಿರ ಅವರು ಕೇಳಿದ್ದು 17,160 ಪೌಂಡ್ ಆದಾಯದ ದಾಖಲೆ. ಅದು ಮಗಳ ಪಾಲಿನ ಮೂರು ಪಟ್ಟು. ಇಡೀ ಮನೆಗೆ ಲೆಕ್ಕ ಹಾಕಿದ್ದರೆ 1,02,960 ಪೌಂಡ್ ಆದಾಯ ಕೇಳಬೇಕಿತ್ತು, ಅಷ್ಟು ನನಗೆ ಇಲ್ಲವೇ ಇಲ್ಲ. ಪರೀಕ್ಷೆ ಮಾಡುವಾಗ ಒಂದು ಪಾಲು, ಸಹಿ ಹಾಕಿಸಿಕೊಳ್ಳುವಾಗ ಆರು ಪಾಲು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕೇಳಿದರೆ ಅವರ ಹತ್ತಿರ ಒಳ್ಳೆಯ ಉತ್ತರ ಇರುವುದಿಲ್ಲ. ಅದೇ ನಿಮ್ಮ ಕೈಯಲ್ಲಿರುವ ಬಲ.

ಏಜೆನ್ಸಿಗೆ ಏನು ಬರೆಯಬೇಕು

ಮೂರನೇ ವರ್ಷ ಮಗಳು ಬೇರೆ ಮನೆ ಹಿಡಿದಳು. ನಾಲ್ಕು ಜನ, ತಲೆಗೆ ವಾರಕ್ಕೆ 120 ಪೌಂಡ್. ಈ ಸಲ ನಾನು ಲಿಂಕ್ ಒತ್ತಲಿಲ್ಲ. ಮೊದಲು ಬಾಡಿಗೆ ಒಪ್ಪಂದದ ಪ್ರತಿ ಕಳಿಸಿ ಅಂತ ಕೇಳಿದೆ. ಜಾಮೀನಿನ ಕಾಗದ ಒಂದನ್ನೇ ಓದಿದರೆ ಸಾಲದು. ಅದರಲ್ಲಿ "ಒಪ್ಪಂದದ ಎಲ್ಲಾ ಷರತ್ತುಗಳಿಗೂ" ಅಂತ ಒಂದು ಸಾಲು ಇರುತ್ತದೆ. ಆ ಷರತ್ತುಗಳು ಇರುವುದು ಇನ್ನೊಂದು ಕಾಗದದಲ್ಲಿ.

ಎರಡನ್ನೂ ಪ್ರಿಂಟ್ ತೆಗೆದು ಭಾನುವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಕೂತೆವು, ನಾನು ಮತ್ತು ನನ್ನ ಗಂಡ. ಪೆನ್ಸಿಲ್ ಹಿಡಿದು ಓದಿದೆವು. ಆಮೇಲೆ ಏಜೆನ್ಸಿಗೆ ಇಮೇಲ್ ಬರೆದೆ. ಸಾರ ಹೀಗಿತ್ತು: ನಾನು ಜಾಮೀನು ನಿಲ್ಲಲು ತಯಾರಿದ್ದೇನೆ. ನನ್ನ ಹೊಣೆ ನನ್ನ ಮಗಳ ಪಾಲಿನ ಬಾಡಿಗೆಗೆ ಮತ್ತು ಅವಳಿಂದ ಆದ ಹಾನಿಗೆ ಮಾತ್ರ. ಒಟ್ಟು ಮೊತ್ತ 6,240 ಪೌಂಡ್ ಮೀರಬಾರದು. ಈ ಒಂದು ವರ್ಷಕ್ಕೆ ಮಾತ್ರ, ಮುಂದುವರಿಸಿದರೆ ನನ್ನನ್ನು ಮತ್ತೆ ಕೇಳಬೇಕು. ಇದನ್ನು ಕಾಗದದಲ್ಲಿ ಸೇರಿಸಿ ಕಳಿಸಿದರೆ ಅದೇ ದಿನ ಸಹಿ ಹಾಕುತ್ತೇನೆ.

ಮಗಳಿಗೆ ಗಾಬರಿ. "ಅಮ್ಮ, ಮನೆ ಕೈ ತಪ್ಪುತ್ತೆ" ಅಂತ ಮೂರು ಸಲ ಮೆಸೇಜ್ ಹಾಕಿದಳು. ಎರಡು ದಿನ ಬಿಟ್ಟು ತಿದ್ದಿದ ಕಾಗದ ಬಂತು. ಮನೆಯೂ ಉಳಿಯಿತು. ಎಲ್ಲರೂ ಒಪ್ಪುತ್ತಾರೆ ಅಂತ ಹೇಳಲಾರೆ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಫೋನಿನಲ್ಲಿ "ಅದೆಲ್ಲ ಬರೀ ಫಾರ್ಮಾಲಿಟಿ, ನಿಮ್ಮ ಮಗಳ ಪಾಲು ಮಾತ್ರ ಕೇಳ್ತೀವಿ" ಅಂದರೆ ಒಪ್ಪಬೇಡಿ. ಅದನ್ನೇ ಇಮೇಲ್‌ನಲ್ಲಿ ಅಲ್ಲ, ಸಹಿ ಹಾಕುವ ಕಾಗದದಲ್ಲೇ ಬರೆಯಿರಿ ಅನ್ನಿ.

ಓದುವಾಗ ಇನ್ನೂ ಕೆಲವು ಕಡೆ ಪೆನ್ಸಿಲ್ ನಿಲ್ಲಬೇಕು. ಬಾಡಿಗೆ ಅಲ್ಲದೆ ಬೇರೆ ಏನೇನು ಸೇರಿದೆ? ಸಾಮಾನ್ಯವಾಗಿ ಹಾನಿ, ಕ್ಲೀನಿಂಗ್, ಕೋರ್ಟು ಖರ್ಚು ಎಲ್ಲಾ ಇರುತ್ತದೆ. ಬಾಡಿಗೆ ಏರಿಸಿದರೆ ಏರಿದ್ದಕ್ಕೂ ನೀವೇ ಹೊಣೆಯಾ? "ಮುಂದುವರಿದ ಅವಧಿಗೂ ಅನ್ವಯ" ಅನ್ನುವ ಸಾಲು ಇದೆಯಾ? ಕಾಗದದ ಮೇಲೆ 'ಡೀಡ್' ಅಂತ ಇದ್ದರೆ ಸಾಕ್ಷಿ ಬೇಕು. ಸಾಕ್ಷಿ ನಿಮ್ಮ ಎದುರಿಗೇ ನಿಂತು ನೀವು ಸಹಿ ಹಾಕುವುದನ್ನು ನೋಡಿ, ಆಮೇಲೆ ತಾವು ಸಹಿ ಹಾಕಬೇಕು. ನಾನು ಪಕ್ಕದ ಮನೆಯವರನ್ನು ಕರೆದೆ. ಮನೆಯವರನ್ನೇ ಸಾಕ್ಷಿ ಮಾಡಿದರೆ ಆಮೇಲೆ ತಕರಾರು ಬರಬಹುದು.

ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿ ಅಂತ ಕೆಲವರು ಕೇಳುತ್ತಾರೆ. ಒಬ್ಬರ ಆದಾಯ ಸಾಕಾದರೆ ಒಬ್ಬರೇ ಹಾಕಿ. ಇಬ್ಬರ ಕೈಯನ್ನೂ ಒಂದೇ ಕಾಗದಕ್ಕೆ ಕಟ್ಟುವುದು ಯಾಕೆ?

ದಾಖಲೆಗಳ ವಿಷಯ ಸುಲಭ. ಮೂರು ತಿಂಗಳ ಸಂಬಳದ ಚೀಟಿ, ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್, ವಿಳಾಸಕ್ಕೆ ಒಂದು ಬಿಲ್ಲು. ಸ್ವಂತ ಮನೆ ಇದೆಯಾ ಅಂತಲೂ ಕೆಲವರು ಕೇಳುತ್ತಾರೆ. ಈ ಪರಿಶೀಲನೆಗೆ ಅಂತ ದುಡ್ಡು ಕೇಳಿದರೆ ಕೊಡಬೇಡಿ. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಅಂಥ ಶುಲ್ಕ ನಿಷೇಧ. ಡಿಪಾಸಿಟ್ಟಿಗೂ ಮಿತಿ ಇದೆ. ಮನೆಯ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಹೈಡ್ ಪಾರ್ಕ್ ಮನೆಗೆ ನಮ್ಮ ಪಾಲಿಗೆ ಅದು 550 ಪೌಂಡ್ ಆಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದೊಂದು ಸಮಾಧಾನ.

ಹೊಸ ಕಾನೂನು ಬಂದ ಮೇಲೆ

2026ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಬಾಡಿಗೆಯ ನಿಯಮಗಳು ಬಹಳ ಬದಲಾಗಿವೆ. ಮಾಮೂಲಿ ಬಾಡಿಗೆ ಮನೆಗಳಿಗೆ "ಒಂದು ವರ್ಷದ ಒಪ್ಪಂದ" ಅನ್ನುವುದು ಈಗ ಇಲ್ಲ. ಬಾಡಿಗೆದಾರ ಎರಡು ತಿಂಗಳ ನೋಟಿಸು ಕೊಟ್ಟು ಬಿಡುವವರೆಗೆ, ಅಥವಾ ಮಾಲೀಕ ಕಾನೂನು ಒಪ್ಪುವ ಕಾರಣ ಕೊಟ್ಟು ಬಿಡಿಸುವವರೆಗೆ ಒಪ್ಪಂದ ನಡೆಯುತ್ತಲೇ ಇರುತ್ತದೆ. ಮಕ್ಕಳಿಗೆ ಇದು ಒಳ್ಳೆಯದೇ. ಜಾಮೀನುದಾರರು ಮಾತ್ರ ಹುಷಾರಾಗಿರಬೇಕು. ಮೊದಲಾದರೆ ವರ್ಷದ ಕೊನೆ ಅಂತ ಒಂದು ತಾರೀಕು ಇರುತ್ತಿತ್ತು. ಈಗ ಆ ತಾರೀಕನ್ನು ನೀವೇ ಜಾಮೀನಿನ ಕಾಗದದಲ್ಲಿ ಬರೆಸಬೇಕು. ಇಂಥ ದಿನದ ನಂತರದ ಬಾಡಿಗೆಗೆ ನಾನು ಹೊಣೆಯಲ್ಲ ಅಂತ.

ಇನ್ನೊಂದು ಮಾತು ಮಕ್ಕಳಿಗೆ ಹೇಳಿಡಿ. ಎಲ್ಲರೂ ಸೇರಿ ಒಂದೇ ಒಪ್ಪಂದ ಮಾಡಿಕೊಂಡಿದ್ದರೆ, ಅವರಲ್ಲಿ ಒಬ್ಬರು ನೋಟಿಸು ಕೊಟ್ಟರೂ ಎಲ್ಲರ ಒಪ್ಪಂದ ಮುಗಿಯುತ್ತದೆ. ಉಳಿಯುವವರು ಹೊಸದಾಗಿ ಒಪ್ಪಂದ ಮಾಡಿಕೊಳ್ಳಬೇಕು. ಆಗ ಜಾಮೀನಿಗೂ ಮತ್ತೆ ಹೊಸ ಕಾಗದ ಬರುತ್ತದೆ. ಅದನ್ನೂ ಮೊದಲಿನಿಂದ ಓದಬೇಕು.

ಮಗುವಿನ ಜೊತೆ ಕೂತು ಮಾಡುವ ಲೆಕ್ಕ

ಕಾಗದಕ್ಕಿಂತ ಇದು ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಮಗಳ ಸ್ಟೂಡೆಂಟ್ ಲೋನ್ ವರ್ಷಕ್ಕೆ ಮೂರು ಸಲ ಬರುತ್ತಿತ್ತು, ಒಂದೊಂದು ಟರ್ಮ್ ಶುರುವಾಗುವಾಗ. ಸೆಪ್ಟೆಂಬರ್, ಜನವರಿ, ಏಪ್ರಿಲ್. ಆದರೆ ಮನೆ ಶುರುವಾಗುವುದು ಜುಲೈ 1ಕ್ಕೆ. ಜುಲೈ, ಆಗಸ್ಟ್ ಬಾಡಿಗೆಗೆ ಲೋನ್ ಬರುವುದಿಲ್ಲ. ಬಹಳ ಮಕ್ಕಳು ಮೊದಲು ಎಡವುವುದು ಇಲ್ಲೇ. ನಾವು ಮೊದಲೇ ಒಂದು ಹಾಳೆಯಲ್ಲಿ ಬರೆದೆವು. ಬೇಸಿಗೆಯ ಬಾಡಿಗೆ ಅವಳು ಕೆಫೆಯಲ್ಲಿ ದುಡಿದು ಅರ್ಧ, ನಾವು ಅರ್ಧ. ಲೋನ್ ಬಂದ ಮಾರನೆಯ ದಿನವೇ ಆ ಟರ್ಮಿನ ಬಾಡಿಗೆಯನ್ನು ಬೇರೆ ಅಕೌಂಟಿಗೆ ಹಾಕಿಡುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವಳ ಅಜ್ಜಿ ಹೇಳುತ್ತಿದ್ದುದು ಅವಳಿಗೂ ಗೊತ್ತು. ಆದರೆ ಹಾಸಿಗೆ ಎಷ್ಟಿದೆ ಅಂತ ನಾವು ಕೂತು ತೋರಿಸಬೇಕು, ಅಲ್ವಾ?

ಅದೇ ಹಾಳೆಯ ಕೆಳಗೆ ಒಂದು ಸಾಲು ಬರೆದೆ. ದುಡ್ಡು ಕಡಿಮೆ ಬಿದ್ದರೆ ಮೊದಲು ಅಮ್ಮನಿಗೆ ಹೇಳು, ಆಮೇಲೆ ಏಜೆನ್ಸಿಗೆ. ಬೈಯುವುದಿಲ್ಲ ಅಂತ ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳುವುದು ಸುಲಭ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಅವಳು ಫೋನ್ ಮಾಡಿ, ಲ್ಯಾಪ್‌ಟಾಪ್ ಕೆಟ್ಟಿತು, ಬಾಡಿಗೆ ದುಡ್ಡಲ್ಲಿ ಹೊಸದು ತೆಗೆದೆ ಅಂದಳು. ಒಂದು ನಿಮಿಷ ಸುಮ್ಮನಿದ್ದೆ. ಎಷ್ಟು ಕಡಿಮೆ ಇದೆ ಅಂತ ಕೇಳಿದೆ. ಮುನ್ನೂರು ಅಂದಳು. ಬಾಡಿಗೆಯ ದಿನಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಗಡುವಿನೊಳಗೆ ತುಂಬಿದೆವು, ಏಜೆನ್ಸಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಕಾಲಿಡುವ ದಿನ ಫೋಟೋ ತೆಗೆಯಲು ಹೇಳಿ. ಹಾನಿಗೂ ನೀವು ಜಾಮೀನು ನಿಂತಿದ್ದೀರಿ, ಮರೆಯಬೇಡಿ. ನಾನು ಅವಳ ಜೊತೆ ಹೋಗಿದ್ದೆ. ಪೆಟ್ಟಿಗೆ ಇಳಿಸುವ ಮೊದಲು ಕೋಣೆ ಕೋಣೆಗೂ ಹೋದೆವು. ಮಂಚ ಸರಿಸಿದರೆ ಗೋಡೆ ತುಂಬ ಕಪ್ಪು ಬೂಷ್ಟು. ಕಿಟಕಿಯ ಪಕ್ಕ ಕಾರ್ಪೆಟ್ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಗುರುತು, ಮೂತಿ ಗೋಡೆ ಕಡೆಗೆ. ಅದರ ಪಕ್ಕ ನನ್ನ ಚಪ್ಪಲಿ ಇಟ್ಟು, ಅಳತೆ ಗೊತ್ತಾಗುವ ಹಾಗೆ ಫೋಟೋ ತೆಗೆದು ಅವತ್ತೇ ಏಜೆನ್ಸಿಗೆ ಇಮೇಲ್ ಮಾಡಿದೆವು. ಬಿಡುವಾಗ ಅದೇ ಸುಟ್ಟ ಗುರುತಿಗೆ ಡಿಪಾಸಿಟ್ಟಲ್ಲಿ ಮುರಿದುಕೊಳ್ಳಲು ಬಂದರು. ಆ ಇಮೇಲನ್ನೇ ಮತ್ತೆ ಕಳಿಸಿದೆವು. ಮಾತು ಅಲ್ಲಿಗೇ ನಿಂತಿತು. ಡಿಪಾಸಿಟ್ಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಯಾವುದಾದರೂ ಸ್ಕೀಮಿನಲ್ಲಿ ಇಡಬೇಕು ಅನ್ನುವುದು ಕಾನೂನು. ಜಗಳ ಬಂದರೆ ಆ ಸ್ಕೀಮಿನವರೇ ಪುಕ್ಕಟೆಯಾಗಿ ತೀರ್ಮಾನ ಮಾಡುತ್ತಾರೆ. ಯಾವ ಸ್ಕೀಮು ಅಂತ ಮಗುವಿನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ.

ಪತ್ರ ಬಂದೇ ಬಿಟ್ಟರೆ

ಮೊದಲ ಕೆಲಸ, ಪತ್ರವನ್ನು ಡ್ರಾಯರ್‌ಗೆ ಹಾಕದಿರುವುದು. ಎರಡನೆಯದು, ಬಾಡಿಗೆಯ ಲೆಕ್ಕದ ಪಟ್ಟಿ ಕೇಳುವುದು. ಯಾರು, ಯಾವ ದಿನ, ಎಷ್ಟು ಕಟ್ಟಿದ್ದಾರೆ ಅಂತ. ಅದು ಕೈಗೆ ಬರುವ ಮುಂಚೆ ಏನೂ ಒಪ್ಪಬೇಡಿ, ಏನೂ ಕಟ್ಟಬೇಡಿ.

1,430 ಪೌಂಡ್ ಅಂದರೆ ಆ ಹುಡುಗನ 13 ವಾರದ ಪಾಲು. ಪಟ್ಟಿ ನೋಡಿದರೆ ಲೆಕ್ಕ ಸರಿ ಇತ್ತು. ನಾನು ಸಹಿ ಹಾಕಿದ್ದ ಕಾಗದದಲ್ಲಿ ಆ ಮೂರು ಪದಗಳೂ ಇದ್ದವು. ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಗೆ ಫೋನ್ ಮಾಡಿ ಓದಿ ಹೇಳಿದೆ, ಹೊಣೆ ನಿಮ್ಮ ಮೇಲೂ ಇದೆ ಅಂದರು. ಶೆಲ್ಟರ್ ಅನ್ನುವ ಸಂಸ್ಥೆಯೂ ಇಂಥ ವಿಷಯದಲ್ಲಿ ಪುಕ್ಕಟೆ ಸಲಹೆ ಕೊಡುತ್ತದೆ. ಆಮೇಲೆ ನಾನು ಉಳಿದ ನಾಲ್ಕು ಮನೆಯವರ ನಂಬರ್ ಮಗಳ ಮೂಲಕ ತರಿಸಿದೆ. ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಅವರಿಗೂ ಅದೇ ಪತ್ರ ಬಂದಿತ್ತು! ಎಲ್ಲರೂ ಒಬ್ಬೊಬ್ಬರೇ ಹೆದರಿ ಕೂತಿದ್ದರು. ಐದು ಜನ ಹಂಚಿಕೊಂಡಾಗ ತಲೆಗೆ 286 ಪೌಂಡ್ ಬಂತು. ಮಕ್ಕಳೇ ಓಡಾಡಿ ಖಾಲಿ ಕೋಣೆಗೆ ಏಪ್ರಿಲ್‌ನಲ್ಲಿ ಬೇರೆ ಹುಡುಗಿಯನ್ನು ಹುಡುಕಿದರು. ಹೋದವನ ಮನೆಯವರಿಂದ ಆ ದುಡ್ಡು ನಮಗೆ ಬರಲಿಲ್ಲ.

ಪತ್ರಕ್ಕೆ ಉತ್ತರ ಕೊಡದೆ ಬಿಟ್ಟರೆ ಕೋರ್ಟಿಗೆ ಹೋಗುತ್ತಾರೆ. ತೀರ್ಪು ನಿಮ್ಮ ಹೆಸರಿಗೆ ಬಂದು, ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ನಿಮ್ಮ ಕ್ರೆಡಿಟ್ ದಾಖಲೆಯಲ್ಲಿ ಉಳಿಯುತ್ತದೆ. ಮನೆ ಸಾಲಕ್ಕೆ ಹೋದಾಗ ಅಲ್ಲಿ ಕಾಣಿಸುತ್ತದೆ. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳಿ. ಬರವಣಿಗೆಯಲ್ಲಿ ಕೇಳಿ.

ಊರಿಂದ ಫೋನ್ ಬಂದಾಗ

ಚಿಕ್ಕಪ್ಪನ ಮಗಳು ತುಮಕೂರಿನಿಂದ ಫೋನ್ ಮಾಡಿದಳು. ಅವಳ ಮಗ ಬರ್ಮಿಂಗ್‌ಹ್ಯಾಮ್‌ಗೆ ಎಂಎಸ್ಸಿಗೆ ಬರುವವನಿದ್ದ. "ಅಕ್ಕ, ಅಲ್ಲಿರುವವರೇ ಗ್ಯಾರಂಟರ್ ಆಗಬೇಕಂತೆ. ನಮ್ಮದು ನಡೆಯಲ್ವಂತೆ. ಒಂದು ಸೈನ್ ಅಷ್ಟೇ ಅಕ್ಕ." ಭಾರತದಲ್ಲಿರುವ ಅಪ್ಪ ಅಮ್ಮನ ಜಾಮೀನನ್ನು ಇಲ್ಲಿನ ಬಹಳಷ್ಟು ಏಜೆನ್ಸಿಗಳು ಒಪ್ಪುವುದಿಲ್ಲ. ಬಾಕಿ ವಸೂಲಿಗೆ ಅಲ್ಲಿಯವರೆಗೆ ಹೋಗುವುದು ಅವರಿಗೆ ಕಷ್ಟ. ಮೊದಲು ಆರು ತಿಂಗಳ, ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿ ಇದನ್ನು ದಾಟುತ್ತಿದ್ದರು. ಹೊಸ ಕಾನೂನಿನಲ್ಲಿ ಮಾಮೂಲಿ ಮನೆಗಳಿಗೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಬಾಡಿಗೆ ಕೇಳುವಂತಿಲ್ಲ. ಹಾಗಾಗಿ ಆ ದಾರಿ ಮುಚ್ಚಿತು.

ನಾನು ಅವಳಿಗೆ ಹೇಳಿದ್ದು ಇದು. ಮೊದಲ ವರ್ಷ ವಿಶ್ವವಿದ್ಯಾಲಯದ್ದೇ ಹಾಸ್ಟೆಲ್‌ಗೆ ಅರ್ಜಿ ಹಾಕಿಸು. ಅಲ್ಲಿ ಅವನ ಕೋಣೆಗೆ ಅವನದೇ ಒಪ್ಪಂದ, ಬೇರೆಯವರ ಬಾಕಿ ಅವನ ಮೇಲೆ ಬರುವುದಿಲ್ಲ. ವಿಶ್ವವಿದ್ಯಾಲಯವೇ ಜಾಮೀನು ನಿಲ್ಲುವ ಯೋಜನೆ ಇದೆಯಾ ಅಂತ ಮೇಲ್ ಮಾಡಿಸು, ಕೆಲವು ಕಡೆ ಇದೆ. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳೂ ಇವೆ. ಅವರಿಗೆ ಕೊಟ್ಟ ಶುಲ್ಕ ವಾಪಸ್ ಬರುವುದಿಲ್ಲ. ಅವರು ಬಾಡಿಗೆ ಕಟ್ಟಿದರೆ ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತಾರೆ, ಅದು ಗೊತ್ತಿರಲಿ. ಇದ್ಯಾವುದೂ ಆಗದಿದ್ದರೆ ನಾನು ನಿಲ್ಲುತ್ತೇನೆ. ಆದರೆ ಅವನ ಪಾಲಿಗೆ ಮಾತ್ರ, ಮತ್ತು ಎರಡು ತಿಂಗಳ ಬಾಡಿಗೆ ಮೊದಲೇ ನನ್ನ ಅಕೌಂಟಿನಲ್ಲಿ ಇರಬೇಕು, ಕೊನೆಗೆ ವಾಪಸ್ ಕೊಡುತ್ತೇನೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಎರಡು ದಿನ ಮಾತಾಡಲಿಲ್ಲ. ಆಮೇಲೆ ಹುಡುಗನೇ ಫೋನ್ ಮಾಡಿದ, "ದೊಡ್ಡಮ್ಮ, ಹಾಸ್ಟೆಲ್ ಸಿಕ್ಕಿತು" ಅಂತ.

ಕೊನೆಗೆ ಒಂದು ಕೆಲಸ ಬಾಕಿ ಇರುತ್ತದೆ. ಬಹಳ ಜನ ಅದನ್ನು ಮಾಡುವುದಿಲ್ಲ. ಮನೆ ಖಾಲಿ ಮಾಡಿ, ಡಿಪಾಸಿಟ್ಟು ವಾಪಸ್ ಬಂದ ಮೇಲೆ, ನನ್ನ ಜಾಮೀನು ಮುಗಿದಿದೆ ಅಂತ ಬರೆದುಕೊಡಿ ಅಂತ ಏಜೆನ್ಸಿಗೆ ಕೇಳಿ. ನಾನು 2024ರ ಜುಲೈನಲ್ಲಿ ಕೇಳಿದೆ. ನಾಲ್ಕು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. ಬಾಕಿ ಏನೂ ಇಲ್ಲ, ನಿಮ್ಮ ಹೊಣೆ ಮುಗಿದಿದೆ. ಅದನ್ನು ಪ್ರಿಂಟ್ ತೆಗೆದು, ಆ ಮೊದಲ ಹನ್ನೊಂದು ಪುಟದ ಹಿಂದೆ ಪಿನ್ ಹೊಡೆದು ಇಟ್ಟಿದ್ದೇನೆ.